ಕೇಳುವವರು ಕಟ್ಟಿದ ದನಿ

ತಾಯಿಯೊಡನೆ ತುಳುವಿನಲ್ಲಿ ಹರಟುತ್ತಿದ್ದ ಮಂಗಳೂರಿನ ಹುಡುಗಿ ಆಫೀಸಿನ ಕರೆ ಬಂದೊಡನೆ ಇಂಗ್ಲಿಷಿಗೆ ಹೊರಳಿದರೆ, ಪಕ್ಕದ ಕೋಣೆಯಲ್ಲಿದ್ದವರಿಗೆ ಬೇರೆ ಯಾರೋ ಬಂದ ಹಾಗೆ ಕೇಳುತ್ತದೆ. ಇಂಥದ್ದಕ್ಕೆ ನಮ್ಮಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: ಆ ಭಾಷೆ ಮೃದು, ಈ ಭಾಷೆ ಗಡಸು. ಆದರೆ ಅಳೆದು ನೋಡಿದವರಿಗೆ ಕಂಡದ್ದೇ ಬೇರೆ.

ಮಾತಾಡುವಾಗ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರವು ಸುಮಾರು 200 ಸಲ ಕಂಪಿಸುತ್ತವೆ. ದನಿಯ ಶ್ರುತಿ ಹುಟ್ಟುವುದು ಇದರಿಂದ. ಜಪಾನಿ, ಇಂಗ್ಲಿಷ್ ಎರಡನ್ನೂ ಆಡುವವರನ್ನು ಭಾಷಾವಿಜ್ಞಾನಿ ಯುಮಿಕೊ ಓಹಾರಾ ಪರೀಕ್ಷಿಸಿದಾಗ ಜಪಾನಿಯಲ್ಲಿ ಹೆಂಗಸರ ಶ್ರುತಿ ಏರಿತು, ಗಂಡಸರದು ಏರಲಿಲ್ಲ. ವೇಲ್ಸ್‌ನ ದ್ವಿಭಾಷಿಕರ ಬಗ್ಗೆ 2017ರಲ್ಲಿ ಪ್ರಕಟವಾದ ಓರ್ದಿನ್ ಮತ್ತು ಮೆನ್ನೆನ್ ಅವರ ಅಧ್ಯಯನದಲ್ಲೂ ಶ್ರುತಿಯ ಹರವು ಭಾಷೆಯೊಡನೆ ಬದಲಾದದ್ದು ಹೆಂಗಸರಲ್ಲಿ ಮಾತ್ರ. ವ್ಯತ್ಯಾಸ ಭಾಷೆಯ ಹುಟ್ಟುಗುಣವೇ ಆಗಿದ್ದರೆ ಗಂಡಸರನ್ನೇಕೆ ಬಿಡಬೇಕಿತ್ತು? ಹೆಣ್ಣಿನ ದನಿ ತುಸು ಎತ್ತರದಲ್ಲಿದ್ದರೆ ಅದು ವಿನಯ ಎಂದು ಜಪಾನಿನ ಸಮಾಜ ಎಣಿಸುತ್ತ ಬಂದಿದೆ. ಭಾಷೆಯ ಜೊತೆಗೆ ಕೇಳುವವರ ನಿರೀಕ್ಷೆಯೂ ಗಂಟಲಿಗೆ ಇಳಿಯುತ್ತದೆ.

ನಮ್ಮ ಕರಾವಳಿಯನ್ನೇ ನೋಡಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ ಬೆಳೆದ ಅನೇಕರಿಗೆ ಕನ್ನಡ ಸಿಕ್ಕಿದ್ದು ಶಾಲೆಯಲ್ಲಿ, ಪತ್ರಿಕೆಯಲ್ಲಿ, ತಾಳಮದ್ದಳೆಯ ಅರ್ಥಧಾರಿಗಳ ಬಾಯಲ್ಲಿ. ಅವರ ಕನ್ನಡಕ್ಕೆ ಸಭೆಯ ಗಾಂಭೀರ್ಯ ಬಂದದ್ದು ಹಾಗೆ. ‘ಪುಸ್ತಕದ ಕನ್ನಡ’ ಎಂದು ಘಟ್ಟದ ಮೇಲಿನವರು ನಗುವುದೂ ಅದಕ್ಕೇ. ಮಂಡ್ಯದ ಮನೆಗಳಲ್ಲಿ ಅದೇ ಕನ್ನಡ ಜಗಳಕ್ಕೂ ಜೋಗುಳಕ್ಕೂ ಒದಗುತ್ತದೆ. ಅಲ್ಲಿ ಅದು ಏರುವ ರೀತಿ ಬೇರೆ, ಇಳಿಯುವ ರೀತಿ ಬೇರೆ. ಭಾಷೆ ಒಂದೇ, ಅದನ್ನು ಯಾರೊಡನೆ ಆಡಿ ಕಲಿತೆವು ಎಂಬುದು ಬೇರೆ.

ಈ ಮಾತನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಒಯ್ದರೆ ಕಸಿವಿಸಿಯಾಗುತ್ತದೆ. ಅಪ್ಪ ಅಮ್ಮನೊಡನೆ, ಗೆಳೆಯರೊಡನೆ ಇಂಗ್ಲಿಷ್ ಆಡುವ ಎಷ್ಟೋ ಕನ್ನಡದ ಮಕ್ಕಳಿಗೆ ಕನ್ನಡ ಬೇಕಾಗುವುದು ಮನೆಗೆಲಸದವರೊಡನೆ, ವಾಚ್‌ಮನ್‌ನೊಡನೆ, ಆಟೋದವರೊಡನೆ. ‘ತಗೊಂಬಾ’, ‘ಬೇಗ ಹೋಗು’, ‘ಅಲ್ಲಿಡು’. ಅವರ ಕನ್ನಡದಲ್ಲಿ ವ್ಯಾಕರಣದ ತಪ್ಪಿಲ್ಲದಿರಬಹುದು, ಆದರೆ ಅದಕ್ಕೆ ಇರುವುದು ಅಪ್ಪಣೆಯ ದನಿ ಒಂದೇ. ಇದನ್ನು ಪಠ್ಯಪುಸ್ತಕ ತಿದ್ದಲಾರದು. ಯಾರ ಮುಂದೆ ಕನ್ನಡದಲ್ಲೇ ಹಟ ಮಾಡಬೇಕೋ, ಮುನಿಸಿಕೊಳ್ಳಬೇಕೋ, ಕೊನೆಗೆ ‘ತಪ್ಪಾಯ್ತು’ ಎನ್ನಬೇಕೋ, ಅಂಥ ಜನ ಆ ಮಕ್ಕಳಿಗೆ ಮನೆಯೊಳಗೇ ಸಿಗಬೇಕು.