ಮರದ ಕಾರು, ಮಗುವಿನ ಬಣ್ಣ, ಅಪ್ಪನ ಕುಂಚ

ಮೊದಲೇ ಹೇಳಿಬಿಡ್ತೀನಿ. ಪೈನ್‌ವುಡ್ ಡರ್ಬಿ ಕಾರಿಗೆ ಬಣ್ಣ ಹಚ್ಚೋ ಕೆಲಸ ಮಗುವಿನದು. ಅಪ್ಪ ಅಮ್ಮ ಕುಂಚ ಮುಟ್ಟಬಾರದು. ಗರಗಸ ಹಿಡೀರಿ, ಮೊಳೆ ಉಜ್ಜಿ, ತೂಕ ನೋಡಿ, ಬೇಡ ಅನ್ನಲ್ಲ. ಕುಂಚ ಮಾತ್ರ ಬಿಡಿ. ಇದನ್ನು ಹೇಳಿದ್ದಕ್ಕೆ ನಮ್ಮ ಗೆಳೆಯರ ಬಳಗದಲ್ಲಿ ಒಂದಿಬ್ಬರು ಮುಖ ಊದಿಸಿಕೊಂಡಿದ್ದಾರೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಅಮೆರಿಕದಲ್ಲಿರೋ ಬ್ಲಾಗಿಗರಿಗೆ ಇದು ಹೊಸದಲ್ಲ. ಊರಲ್ಲಿರೋರಿಗಾಗಿ ನಾಕು ಮಾತು. ಇಲ್ಲಿ ಕಬ್ ಸ್ಕೌಟ್ ಅಂತ ಐದನೇ ಕ್ಲಾಸಿನವರೆಗಿನ ಮಕ್ಕಳ ಸ್ಕೌಟ್ ಗುಂಪುಗಳಿವೆ. ಒಂದೊಂದು ಗುಂಪನ್ನೂ ಪ್ಯಾಕ್ ಅಂತಾರೆ. ಚಳಿಗಾಲದಲ್ಲಿ ಮಗುವಿಗೊಂದು ಪುಟ್ಟ ಡಬ್ಬಿ ಸಿಗುತ್ತೆ. ಒಳಗೆ 7 ಇಂಚು ಉದ್ದದ ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ನಾಲ್ಕು ಮೊಳೆ. ಅಷ್ಟೇ. ಅದನ್ನು ಕೆತ್ತಿ, ಉಜ್ಜಿ, ಬಣ್ಣ ಬಳಿದು ಕಾರು ಮಾಡಬೇಕು. ತೂಕ 5 ಔನ್ಸ್, ಅಂದ್ರೆ ಸುಮಾರು 142 ಗ್ರಾಂ ದಾಟಬಾರದು. ಆಮೇಲೆ ಇಳಿಜಾರಿನ ಹಳಿಯ ಮೇಲೆ ಬಿಡ್ತಾರೆ. ಮೋಟಾರು ಇಲ್ಲ, ರಬ್ಬರ್ ಬ್ಯಾಂಡ್ ಇಲ್ಲ. ಎಳೆಯೋಳು ಭೂಮಿತಾಯಿ ಒಬ್ಬಳೇ.

ಇದನ್ನು ಶುರು ಮಾಡಿದ್ದು ಡಾನ್ ಮರ್ಫಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ, 1953ರಲ್ಲಿ. ಆತ ವಿಮಾನ ಕಂಪನಿಯೊಂದರ ನೌಕರ, ಕಬ್ ಸ್ಕೌಟ್ ಪ್ಯಾಕೊಂದರ ಮುಖ್ಯಸ್ಥ. ಆಗ ಸೋಪ್ ಬಾಕ್ಸ್ ಡರ್ಬಿ ಅಂತ ಮಕ್ಕಳೇ ಕೂತು ಓಡಿಸೋ ಇಳಿಜಾರಿನ ಗಾಡಿಗಳ ರೇಸ್ ಇತ್ತು. ಮರ್ಫಿಯ ಮಗನಿಗೆ ಹತ್ತೇ ವರ್ಷ, ಅದಕ್ಕೆ ಸೇರೋ ವಯಸ್ಸಾಗಿರಲಿಲ್ಲ. ಹಾಗಾಗಿ ಮರ್ಫಿ ಅಂಗೈ ಮೇಲೆ ಕೂರೋ ಗಾಡಿಯ ರೇಸ್ ಹುಟ್ಟುಹಾಕಿದ್ರು. ಅಪ್ಪ ಮಗ ಕೂತು ಕೈಯಾರೆ ಒಂದು ವಸ್ತು ಮಾಡ್ಲಿ ಅನ್ನೋದು ಅವರ ಆಸೆ. 2018ರಿಂದ ಕಬ್ ಸ್ಕೌಟಿಗೆ ಹುಡುಗೀರನ್ನೂ ಸೇರಿಸಿಕೊಳ್ತಿದ್ದಾರೆ. ಹಾಗಾಗಿ ಈಗ ಅಪ್ಪ ಮಗಳು, ಅಮ್ಮ ಮಗಳು ಅಂತಲೂ ಓದಿಕೊಳ್ಳಿ.

ಇರ್ಲಿ, ವಿಷಯಕ್ಕೆ ಬರ್ತೀನಿ. ಡರ್ಬಿಯಲ್ಲಿ ವೇಗಕ್ಕೊಂದೇ ಅಲ್ಲ, ಬಹಳ ಕಡೆ ಅಂದದ ಕಾರಿಗೂ ಬಹುಮಾನ ಇರುತ್ತೆ. ಮೇಜಿನ ಮೇಲೆ ಕಾರುಗಳನ್ನು ಸಾಲಾಗಿ ಜೋಡಿಸಿರ್ತಾರೆ. ಅಲ್ಲಿ ಐದು ನಿಮಿಷ ನಿಂತು ನೋಡಿ. ಕಾರುಗಳು ಎರಡು ಜಾತಿ. ಒಂದು ಜಾತಿ ಕನ್ನಡಿ ಥರ ಹೊಳೆಯುತ್ತೆ, ಕೂದಲೆಳೆಯಷ್ಟು ಗೆರೆಯೂ ಸೊಟ್ಟ ಇಲ್ಲ, ಷೋರೂಮಿಂದ ಇಳಿಸಿದ ಹಾಗೆ. ಇನ್ನೊಂದು ಜಾತಿಯಲ್ಲಿ ಬಣ್ಣ ಸೋರಿ ಚಕ್ರಕ್ಕೆ ಅಂಟಿದೆ, ಹುಲಿಯೋ ಬೆಕ್ಕೋ ಗೊತ್ತಾಗದ ಒಂದು ಪ್ರಾಣಿ ಬಾನೆಟ್ ಮೇಲೆ ಕೂತಿದೆ, ಬೆರಳಚ್ಚು ಅಲ್ಲೇ ಒಣಗಿದೆ. ಬಹುಮಾನ ಯಾವ ಜಾತಿಗೆ ಹೋಗುತ್ತೆ ಅಂತ ನಾನು ಹೇಳ್ಬೇಕಾ?

ನಾನು ನೋಡಿದ ಒಂದು ರೇಸಿನಲ್ಲಿ ಹೀಗೇ ಬಹುಮಾನ ಬಂದ ಹುಡುಗನನ್ನು "ಈ ಬೆಂಕಿ ಜ್ವಾಲೆ ಹೇಗೆ ಬರೆದೆ ಪುಟ್ಟಾ?" ಅಂತ ಯಾರೋ ಪ್ರೀತಿಯಿಂದಲೇ ಕೇಳಿದ್ರು. ಅವನು ಉತ್ತರ ಹೇಳ್ಲಿಲ್ಲ, ತಿರುಗಿ ಅಪ್ಪನ ಮುಖ ನೋಡಿದ. ಕೈಯಲ್ಲಿ ಟ್ರೋಫಿ ಇತ್ತು. ಆದರೆ ಅದರ ಬಗ್ಗೆ ಹೇಳ್ಕೊಳ್ಳೋಕೆ ಅವನ ಹತ್ತಿರ ಒಂದು ಮಾತೂ ಇರಲಿಲ್ಲ. ನನಗೆ ಕೋಪ ಬಂದಿದ್ದು ಅವನ ಮೇಲಲ್ಲ.

ಈಗ ವಾದ. ವೇಗದ ಕೆಲಸ ನಿಜಕ್ಕೂ ದೊಡ್ಡವರದ್ದೇ. ಮೋಟಾರಿನ ಗರಗಸ ಏಳು ವರ್ಷದ ಕೈಗೆ ಕೊಡೋಹಾಗಿಲ್ಲ. ಮೊಳೆಯ ಗೀರು ಉಜ್ಜಿ ನಯ ಮಾಡೋದು, ಚಕ್ರಕ್ಕೆ ಗ್ರಾಫೈಟ್ ಪುಡಿ ಹಾಕೋದು, ಟಂಗ್‌ಸ್ಟನ್ ತುಂಡನ್ನು ಹಿಂಭಾಗದಲ್ಲಿ ಕೂರಿಸೋದು, ಇದಕ್ಕೆಲ್ಲ ಲೆಕ್ಕಾಚಾರ ಬೇಕು. ತೂಕ ಹಿಂದಿದ್ರೆ ಇಳಿಜಾರಿನಲ್ಲಿ ಅದು ಇನ್ನೊಂಚೂರು ಮೇಲಿಂದ ಇಳಿಯುತ್ತೆ, ಅಷ್ಟರಮಟ್ಟಿಗೆ ಹೆಚ್ಚು ಶಕ್ತಿ ಸಿಗುತ್ತೆ. ಇದನ್ನು ಮಗುವಿಗೆ ವಿವರಿಸಬಹುದು, ಜೊತೆಗೆ ಕೂರಿಸಿಕೊಂಡು ಮಾಡಬಹುದು. ಆದರೆ ಕೊನೆಗೆ ಮಾಡೋರು ನಾವೇ.

ಬಣ್ಣ ಹಾಗಲ್ಲ. ಬಣ್ಣದಿಂದ ಕಾರು ಓಡಲ್ಲ, ನಿಲ್ಲೋದೂ ಇಲ್ಲ. ನೀಲಿ ಕಾರು ಹಳದಿ ಕಾರಿಗಿಂತ ಬೇಗ ಇಳಿಯಲ್ಲ. ಅಂದ್ರೆ ಮಗು ಎಷ್ಟೇ ಸೊಟ್ಟಗೆ ಬಳಿದರೂ ಗೆಲ್ಲೋ ಅವಕಾಶಕ್ಕೆ ಪೆಟ್ಟಿಲ್ಲ. ಇಡೀ ಕಾರಿನಲ್ಲಿ ತಪ್ಪಾದ್ರೂ ನಷ್ಟವಿಲ್ಲದ ಕೆಲಸ ಅಂತ ಇರೋದು ಇದೊಂದೇ. ಅದನ್ನೂ ನಾವೇ ಕಿತ್ಕೊಂಡ್ರೆ ಮಗುವಿಗೆ ಉಳಿಯೋದೇನು? ಕಾರನ್ನು ಹೊತ್ಕೊಂಡು ಹೋಗಿ ಹಳಿ ಮೇಲೆ ಇಡೋದು. ಅದು ಕೂಲಿ ಕೆಲಸ ಸ್ವಾಮಿ :-)

"ಎಲ್ಲರ ಕಾರೂ ಫಳಫಳ ಅನ್ನುವಾಗ ನನ್ನ ಮಗಂದು ಮಾತ್ರ ಗಲೀಜಾಗಿದ್ರೆ ಅವನಿಗೆ ಬೇಜಾರಾಗಲ್ವಾ?" ಅಂತ ಕೇಳೋರಿದ್ದಾರೆ. ಆಗುತ್ತೆ, ನಿಜ. ಆದರೆ ಆ ಬೇಜಾರು ಹುಟ್ಟಿದ್ದು ಎಲ್ಲಿಂದ? ಇನ್ನೊಬ್ಬ ಅಪ್ಪ ಕುಂಚ ಹಿಡಿದದ್ದರಿಂದ. ಅವರು ಹಿಡಿದರು ಅಂತ ನಾವೂ ಹಿಡಿದರೆ, ಮುಂದಿನ ವರ್ಷ ಮೂರನೆಯವರು ಏರ್‌ಬ್ರಷ್ ತರ್ತಾರೆ. ನಮ್ಮ ಜನಕ್ಕೆ ಇದರ ಚಟ ಸ್ವಲ್ಪ ಜಾಸ್ತಿ ಅಂತ ನನ್ನ ಅನುಮಾನ. ಊರಿನ ವಿಜ್ಞಾನ ಪ್ರದರ್ಶನಕ್ಕೆ ಥರ್ಮೋಕೋಲ್ ಜ್ವಾಲಾಮುಖಿ ಮಾಡಿಕೊಟ್ಟೋರು ಯಾರು, ನೆನಪಿಸಿಕೊಳ್ಳಿ.

ಇನ್ನೊಂದು ವಾದ, ಮರ್ಫಿಯೇ ಅಪ್ಪ ಮಗ ಸೇರಿ ಮಾಡ್ಲಿ ಅಂದಿದ್ದರಲ್ಲ ಅಂತ. ಸೇರಿ ಮಾಡೋದು ಅಂದ್ರೆ ಮಗು ಟೀವಿ ನೋಡ್ತಾ ಇರುವಾಗ ಅಪ್ಪ ಗರಾಜಿನಲ್ಲಿ ಮೂರನೇ ಕೋಟ್ ಹೊಡೆಯೋದಲ್ಲ. ಬಣ್ಣದ ಕೆಲಸದಲ್ಲೂ ದೊಡ್ಡವರಿಗೆ ಪಾಲಿದೆ. ಕಲಿಸೋ ಪಾಲು. ಹೇಗೆ ಅಂತ ಕೇಳಿದ್ರೆ ಹೇಳ್ತೀನಿ.

ಮರಳು ಕಾಗದವನ್ನು ಒರಟಿನಿಂದ ನಯಕ್ಕೆ ತನ್ನಿ. ಮೊದಲು 80, ಆಮೇಲೆ 150, ಆಮೇಲೆ 220. ಎಳೆಯ ದಿಕ್ಕಿನಲ್ಲೇ ಉಜ್ಜಬೇಕು ಅಂತ ತೋರಿಸಿ. ಪೈನ್ ತುಂಡಿನ ಎರಡು ತುದಿ ಬಣ್ಣವನ್ನು ಜಾಸ್ತಿ ಕುಡಿಯುತ್ತೆ, ಹಾಗಾಗಿ ಮೊದಲು ಪ್ರೈಮರ್ ಬೇಕು. ಅಡಿಯಲ್ಲಿ ಮೊಳೆ ಕೂರೋ ಗಾಡಿಗೆ ಬಣ್ಣ ಇಳಿಯದ ಹಾಗೆ ಟೇಪ್ ಅಂಟಿಸಿ. ಅಲ್ಲಿ ಬಣ್ಣ ಕೂತ್ರೆ ಚಕ್ರ ನೆಟ್ಟಗೆ ನಿಲ್ಲಲ್ಲ. ಜನವರಿಯ ಚಳಿಯಲ್ಲಿ ಗರಾಜಿನಲ್ಲಿ ಸ್ಪ್ರೇ ಹೊಡೆದರೆ ಸರಿಯಾಗಿ ಒಣಗಲ್ಲ. ಮನೆಯೊಳಗೆ ಅಕ್ರಿಲಿಕ್, ಕುಂಚ, ಕೆಳಗೆ ಹಳೇ ಪೇಪರ್ ಸಾಕು. ತೆಳ್ಳಗೆ ಒಂದು ಕೋಟ್, ರಾತ್ರಿಯಿಡೀ ಒಣಗಲಿ, ಮತ್ತೊಂದು ಕೋಟ್. ಕಾಯೋದೇ ಮಕ್ಕಳಿಗೆ ಕಷ್ಟ. ಅದನ್ನು ಕಲಿಯೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಗ್ರಾಫೈಟ್ ಹಾಕೋ ಮೊದಲು ಮೇಲೊಂದು ಪಾರದರ್ಶಕ ವಾರ್ನಿಷ್ ಕೊಡಿ, ಇಲ್ಲದಿದ್ರೆ ಕಪ್ಪು ಬೆರಳ ಗುರುತು ಬಣ್ಣಕ್ಕೆ ಹತ್ತಿ ಹೋಗಲ್ಲ. ಕೊನೆಯ ತೂಕ ಮಾತ್ರ ಬಣ್ಣ ಒಣಗಿದ ಮೇಲೆಯೇ ನೋಡಿ. ಬಣ್ಣಕ್ಕೂ ಒಂದೆರಡು ಗ್ರಾಂ ತೂಕ ಇರುತ್ತೆ.

ಇಷ್ಟು ಹೇಳಿಕೊಟ್ಟು ಪಕ್ಕಕ್ಕೆ ಸರೀರಿ. ಏನು ಬರೀಬೇಕು ಅನ್ನೋದು ಅವರ ಇಷ್ಟ.

ನಮಗಂತೂ ಗಾಡಿ ಸಿಂಗರಿಸೋದು ಹೊಸದಾ ಹೇಳಿ? ಆಯುಧಪೂಜೆ ದಿನ ಬಸ್ಸಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ನಮ್ಮ ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ್ದು ನಾವೇ, ಅಪ್ಪ ಬಂದು ಅಳತೆ ಪಟ್ಟಿ ಇಟ್ಟು ತಿದ್ದಲಿಲ್ಲ. ಲಾರಿ ಹಿಂದಿನ ನವಿಲು, ತಾವರೆ ನೋಡ್ತಾ ಬೆಳೆದೋರು ನಾವು. ಚನ್ನಪಟ್ಟಣದ ಗೊಂಬೆಯ ಅರಗಿನ ಕೆಂಪು ಹಳದಿ ಇನ್ನೂ ಕಣ್ಣಲ್ಲಿದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಬಣ್ಣಗಳನ್ನು ತೋರಿಸಿ, ಲಾರಿಗಳ ಫೋಟೋ ತೋರಿಸಿ. ಆಮೇಲೂ ಅವರು ಶಾರ್ಕ್ ಮೀನೇ ಬೇಕು ಅಂದ್ರೆ ಶಾರ್ಕೇ ಇರಲಿ. ನಮ್ಮ ಆಸೆಗೆ ಅವರ ಕಾರು ಗೋಡೆಯಲ್ಲ.

ಪ್ಯಾಕ್ ನಡೆಸೋರಿಗೆ ಎರಡು ಬೇಡಿಕೆ. ಒಂದು, ಅಂದದ ಬಹುಮಾನ ಕೊಡೋ ಮೊದಲು ಮಗುವಿನ ಹತ್ತಿರ ಎರಡು ನಿಮಿಷ ಮಾತಾಡಿ, ಏನು ಬರೆದೆ, ಯಾಕೆ ಬರೆದೆ ಅಂತ ಕೇಳಿ. ಕೈಯಾರೆ ಮಾಡಿದ ಮಗುವನ್ನು ಮಾತು ನಿಲ್ಲಿಸು ಅನ್ನೋದೇ ಕಷ್ಟ ಆಗುತ್ತೆ. ಎರಡು, ಅಪ್ಪ ಅಮ್ಮಂದಿರಿಗೇ ಬೇರೆ ರೇಸ್ ಇಡಿ. ಕೆಲವು ಪ್ಯಾಕ್‌ಗಳಲ್ಲಿ ಈಗಾಗಲೇ ಇದೆ. ನಮ್ಮ ಕೈ ತುರಿಕೆ ಅಲ್ಲಿ ತೀರಿಸಿಕೊಳ್ಳೋಣ, ಅದು ತಪ್ಪೇನಲ್ಲ. ನಮ್ಮಲ್ಲೂ ಒಂದು ಮಗು ಇದೆಯಲ್ಲ, ಅದಕ್ಕೂ ಒಂದು ಮರದ ತುಂಡು ಸಿಗಲಿ.

ಟ್ರೋಫಿ ಎರಡು ವರ್ಷಕ್ಕೆ ಅಟ್ಟ ಸೇರುತ್ತೆ. "ಇದು ನಾನು ಮಾಡಿದ್ದು" ಅಂತ ಹೇಳೋ ಧೈರ್ಯ ಸುಲಭಕ್ಕೆ ಸಿಗಲ್ಲ. ಸೋರಿದ ಬಣ್ಣದ ಜೊತೆಗೇ ಬರುತ್ತೆ.

ನೀವೇನಂತೀರಾ? ಒಪ್ಪದೇ ಇದ್ರೂ ಬರೀರಿ. ಹಾಂ, ನಿಮ್ಮ ಮಕ್ಕಳು ಬರೆದ ಬೆಕ್ಕೋ ಹುಲಿಯೋ ಇದ್ರೆ ನಿಮ್ಮ ಬ್ಲಾಗಿನಲ್ಲಿ ಫೋಟೋ ಹಾಕಿ, ಬಂದು ನೋಡ್ತೀನಿ.