ಪರದೆಯ ಮೇಲಿನ ಬೆನ್ನು

“ಕಂಪ್ಯೂಟರೇ ಲೆಕ್ಕ ಹಾಕಿ ತೋರಿಸಿದೆಯಲ್ಲ ಮೇಷ್ಟ್ರೇ, ಇನ್ನೇಕೆ ಅನುಮಾನ?” ಎಂಬ ಮಾತನ್ನು ಈಚೆಗೆ ಓದಿದವರ ಬಾಯಲ್ಲೇ ಹೆಚ್ಚಾಗಿ ಕೇಳುತ್ತಿದ್ದೇನೆ. ಬೆನ್ನುಮೂಳೆ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಸ್ಕೋಲಿಯೋಸಿಸ್ ತೊಂದರೆಯ ಶಸ್ತ್ರಚಿಕಿತ್ಸೆಯ ವಿಷಯದಲ್ಲಂತೂ ಈ ಮಾತು ನನಗೆ ಸರ್ವಥಾ ಒಪ್ಪಿಗೆಯಿಲ್ಲ.

ಬಾಗು ಸುಮಾರು 45–50 ಡಿಗ್ರಿ ದಾಟಿದಾಗ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತಾರೆ. ಬೆನ್ನಿನ ಮಣಿಗಳಿಗೆ ತಿರುಪುಗಳನ್ನು ಕೂರಿಸಿ, ಲೋಹದ ಸರಳುಗಳಿಗೆ ಬಿಗಿದು ಸಾಧ್ಯವಾದಷ್ಟು ನೆಟ್ಟಗೆ ಮಾಡಿ, ಅಷ್ಟೂ ಮಣಿಗಳು ಕಾಲಕ್ರಮದಲ್ಲಿ ಬೆಸೆದು ಒಂದೇ ಎಲುಬಾಗುವಂತೆ ಏರ್ಪಡಿಸುತ್ತಾರೆ. ಬೆಸೆದ ಭಾಗ ಮತ್ತೆ ಬಾಗದು. ಯಾವ ಮಣಿಯಿಂದ ಯಾವ ಮಣಿಯವರೆಗೆ ಎಂಬ ತೀರ್ಮಾನ, ಹದಿನಾಲ್ಕರ ಹುಡುಗಿಯೊಬ್ಬಳ ಇಡೀ ಬಾಳಿನ ತೀರ್ಮಾನ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಪ್ರಾಧ್ಯಾಪಕ ಕಾರ್ಲ್-ಎರಿಕ್ ಓಬ್ಯಾನ್ ಮತ್ತು ಸಂಗಡಿಗರು, ಕ್ಷ-ಕಿರಣ ಚಿತ್ರಗಳಿಂದ ರೋಗಿಯ ಬೆನ್ನುಮೂಳೆಯನ್ನು ಗಣಕದಲ್ಲಿ ಕಟ್ಟಿ, ಶಸ್ತ್ರಚಿಕಿತ್ಸೆಯನ್ನು ಮೊದಲು ಅಲ್ಲಿ ನಡೆಸಿ ನೋಡುವ ವಿಧಾನವನ್ನು ಬೆಳೆಸಿದರು. ಒಬ್ಬನೇ ರೋಗಿಗೆ ನುರಿತ ಶಸ್ತ್ರವೈದ್ಯರು ತೀರಾ ಬೇರೆ ಬೇರೆ ಯೋಜನೆಗಳನ್ನು ಸೂಚಿಸುತ್ತಾರೆಂದು ಅವರ ತಂಡ 2007ರಲ್ಲಿ ಪ್ರಕಟಿಸಿತು. ಪರಿಣತರಲ್ಲೇ ಇಷ್ಟು ಭೇದವಿರುವಾಗ, ಯೋಜನೆಗಳನ್ನು ಕತ್ತಿ ಹಿಡಿಯುವ ಮುನ್ನವೇ ಹೋಲಿಸಿ ನೋಡುವ ಸಾಧನ ದೊಡ್ಡ ಉಪಕಾರವೇ. ನಾನು ಅದರ ವೈರಿಯಲ್ಲ.

ಆದರೆ ನನ್ನ ವಿದ್ಯಾರ್ಥಿಗಳೇ, ರೇಖಾಗಣಿತದಲ್ಲಿ ದತ್ತ, ಸಾಧನೀಯ, ಸಾಧನೆ ಎಂದು ಬರೆದದ್ದು ನಿಮಗೆ ನೆನಪಿರಬೇಕು. (ಬರೆಯದವರಿಗೆ ಏನಾಗುತ್ತಿತ್ತೆಂಬುದೂ!) ಇಲ್ಲಿ ದತ್ತ ಯಾವುದು? ಎಲುಬಿನ ಆಕಾರ ಚಿತ್ರದಿಂದ ದೊರಕುತ್ತದೆ. ಮಣಿಗಳ ನಡುವಣ ಬಿಲ್ಲೆ, ಅಸ್ಥಿರಜ್ಜುಗಳ ಬಿಗಿತವನ್ನು ರೋಗಿ ಪಕ್ಕಕ್ಕೆ ಬಾಗಿದಾಗ ತೆಗೆದ ಚಿತ್ರಗಳಿಂದ ಊಹಿಸಬೇಕು. ಮೇಜಿನ ಮೇಲೆ ಅರಿವಳಿಕೆಯಲ್ಲಿ ಮಲಗಿದ್ದ ದೇಹ ಮುಂದೆ ಎದ್ದು ನಿಂತಾಗ ಸ್ನಾಯುಗಳು ಹೇಗೆ ಸಮತೋಲ ಹುಡುಕುತ್ತವೆ, ಬೆಸೆಯದೆ ಬಿಟ್ಟ ಮಣಿಗಳು ಎತ್ತ ವಾಲುತ್ತವೆ, ಮಗು ಇನ್ನೆಷ್ಟು ಬೆಳೆಯುತ್ತದೆ? ಇವೆಲ್ಲ ಇನ್ನೂ ಕಠಿಣ. ಊಹೆಯನ್ನು ದತ್ತದ ಜಾಗದಲ್ಲಿ ಬರೆದರೆ ಸಾಧನೆ ಎಷ್ಟೇ ನಿರ್ದುಷ್ಟವಾಗಿದ್ದರೂ ನಾನು ಪೂರ್ಣಾಂಕ ಕೊಡಲಾರೆ.

ಆದುದರಿಂದಲೇ, ನೆಟ್ಟಗಾದ ಬೆನ್ನಿನ ಬಣ್ಣದ ಚಿತ್ರವೊಂದನ್ನು ಮಾತ್ರ ತೋರಿಸಿ ಹೆತ್ತವರಿಂದ ಸಹಿ ಪಡೆಯುವುದು ಅನ್ಯಾಯವೆನ್ನುತ್ತೇನೆ. ಎರಡು ಮೂರು ಯೋಜನೆಗಳನ್ನು ಮುಂದಿಡಲಿ. ಪ್ರತಿಯೊಂದರಲ್ಲೂ ಎಷ್ಟು ಮಣಿಗಳು ಬೆಸೆಯುತ್ತವೆ, ಎಷ್ಟು ಡಿಗ್ರಿ ಬಾಗು ಉಳಿದೀತು, ಆ ಅಂದಾಜು ಎಷ್ಟರಮಟ್ಟಿಗೆ ತಪ್ಪಬಹುದು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಹುಡುಗಿಯನ್ನೂ ಕೇಳಲಿ. ಆಕೆ ನೃತ್ಯ ಕಲಿಯುತ್ತಿರಬಹುದು. ಸೊಂಟದ ಬಳಿ ಒಂದು ಮಣಿ ಬೆಸೆಯದೆ ಉಳಿಯುವುದಾದರೆ ಕೆಲವು ಡಿಗ್ರಿ ಬಾಗು ಇದ್ದರೂ ಇರಲಿ ಎಂದಾಳು. ಅವಳ ಮಾತು ಕೇಳಿದ ಮೇಲೆ ಸಹಿಯ ಕಾಗದ ಹೊರಗೆ ಬರಲಿ.