ಮೋಟಾರು ಗಾಡಿಯ ಓಡಾಟವೂ ವರಮಾನ ತೆರಿಗೆಯೂ

ವ್ಯಾಪಾರಕ್ಕೂ ಮನೆಗೂ ಒಂದೇ ಮೋಟಾರು ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರು ಅನೇಕರು. ವರುಷಾಂತ್ಯದಲ್ಲಿ ತೆರಿಗೆಯ ಲೆಕ್ಕ ಬರೆಯುವಾಗ ಇವರಲ್ಲಿ ಕೆಲವರು ಗಾಡಿಯ ಖರ್ಚೆಲ್ಲವನ್ನೂ ವ್ಯಾಪಾರಕ್ಕೆ ಹಚ್ಚಿಬಿಡುವರು. ಕೆಲವರು ಅಂಜಿಕೊಂಡು ಏನನ್ನೂ ಬರೆಯರು. ಮೊದಲನೆಯದು ಅನ್ಯಾಯ, ಎರಡನೆಯದು ವೃಥಾ ನಷ್ಟ.

ನಮ್ಮ ದೇಶದ ಕಾನೂನಿನ ತಿರುಳು ಇಷ್ಟೆ: ವ್ಯಾಪಾರಕ್ಕಾಗಿ ಓಡಿದ ಪಾಲಿನ ಖರ್ಚನ್ನು ವರಮಾನದಿಂದ ವಜಾ ಮಾಡಬಹುದು, ಮನೆಯ ಪಾಲನ್ನು ಮಾಡಕೂಡದು. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯಿದೆಯು ಗೊತ್ತಾಗಿದ್ದರೂ ಈ ತತ್ತ್ವವು ಬದಲಾಗಿಲ್ಲ.

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರನ್ನು ಊಹಿಸಿಕೊಳ್ಳೋಣ. ಅವರ ಕಾರು ವರುಷಕ್ಕೆ 15,000 ಕಿಲೋಮೀಟರು ಓಡಿತು. ಅರಸೀಕೆರೆಯ ಮಾರುಕಟ್ಟೆ, ಗಿರಾಕಿಗಳ ಊರು, ಇವುಗಳಿಗಾಗಿ ಓಡಿದ್ದು 9,000. ಉಳಿದುದು ಮದುವೆ, ಜಾತ್ರೆ, ಆಸ್ಪತ್ರೆಗಳಿಗೆ. ಎಂದರೆ ಐದರಲ್ಲಿ ಮೂರು ಪಾಲು ವ್ಯಾಪಾರದ್ದು. ಪೆಟ್ರೋಲು, ರಿಪೇರಿ, ವಿಮೆ, ಸಾಲದ ಬಡ್ಡಿ ಸೇರಿ ಖರ್ಚು 1,50,000 ರೂಪಾಯಿ. ಹಿಂದಿನ ಸವಕಳಿ ಕಳೆದು ಕಾರಿನ ಬೆಲೆ 6,00,000 ಎಂದರೆ, ಶೇಕಡಾ 15ರಂತೆ ಈ ವರುಷದ ಸವಕಳಿ 90,000. ಒಟ್ಟು 2,40,000; ಅದರಲ್ಲಿ ಐದನೆಯ ಮೂರು ಪಾಲು 1,44,000. ಇಷ್ಟು ವಜಾ ಆಗುವುದು ವರಮಾನದಲ್ಲಿ, ತೆರಿಗೆಯಲ್ಲಲ್ಲ. ಈ ಹಣವು ಶೇಕಡಾ 20ರ ದರಕ್ಕೆ ಸೇರುವುದಾದರೆ, ಸೆಸ್ಸನ್ನು ಬಿಟ್ಟು, ತೆರಿಗೆಯಲ್ಲಿ ಉಳಿಯುವುದು 28,800 ರೂಪಾಯಿ.

ಆದರೆ ಅಧಿಕಾರಿಗಳು “ಐದರಲ್ಲಿ ಮೂರು ಪಾಲೆಂಬುದಕ್ಕೆ ಆಧಾರವೇನು?” ಎಂದು ಕೇಳಿದರೆ ಬಾಯಿಮಾತು ಸಾಲದು. ಆದುದರಿಂದ ಗಾಡಿಯಲ್ಲಿ ಒಂದು ಕಿರುಪುಸ್ತಕವಿರಲಿ. ತಾರೀಖು, ಹೋದ ಊರು, ಕೆಲಸ, ಹೊರಟಾಗಲೂ ಮರಳಿದಾಗಲೂ ಮೀಟರಿನ ಅಂಕಿ, ಇಷ್ಟನ್ನು ಅಂದಂದೇ ಬರೆಯಬೇಕು. ಮಾರ್ಚಿ ತಿಂಗಳಲ್ಲಿ ಕುಳಿತು ನೆನಪಿನಿಂದ ತುಂಬಿದ ಪುಸ್ತಕಕ್ಕೆ ಬೆಲೆಯಿಲ್ಲ. ರಸೀತಿಗಳನ್ನೂ ಜೋಪಾನವಾಗಿಡಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ಖರ್ಚು ಸಾಮಾನ್ಯವಾಗಿ ವಜಾಕ್ಕೆ ಬಾರದು. ದೊಡ್ಡ ರಿಪೇರಿಯ ಹಣವನ್ನು ಬ್ಯಾಂಕಿನ ಮೂಲಕ ಸಲ್ಲಿಸುವುದು ಕ್ಷೇಮ.

ಇನ್ನೆರಡು ಮಾತು. ವಹಿವಾಟಿನ ಇಂತಿಷ್ಟು ಪಾಲೇ ಲಾಭವೆಂದು ಒಪ್ಪಿಕೊಳ್ಳುವ ಅಂದಾಜು ಪದ್ಧತಿಯನ್ನು ಆರಿಸಿದವರಿಗೆ ಗಾಡಿಯ ಖರ್ಚು ಪ್ರತ್ಯೇಕವಾಗಿ ದೊರೆಯದು. ಸಂಬಳದಿಂದಲೇ ಜೀವಿಸುವವರು ಕಚೇರಿಗೆ ಹೋಗಿಬರುವ ಪೆಟ್ರೋಲನ್ನು ಹೀಗೆ ಕಳೆಯಲಾಗದು.

ಮನೆಯಲ್ಲಿ ಯಾರು ಗಾಡಿ ತೆಗೆದರೂ ಅವರೇ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ಹಾಕಿಕೊಂಡರೆ, ಕೇಳಿದ ದಿನ ಯಜಮಾನರು ನಿರ್ಭಯವಾಗಿ ಲೆಕ್ಕ ಒಪ್ಪಿಸಬಹುದು.